ಹೊತ್ತುಕೊಂಡು ಇಳಿಯೋಕಾಗುತ್ತಾ? ಸಣ್ಣ ನಾಯಿ, ಕಷ್ಟದ ಬೆಟ್ಟ: ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳೆಲ್ಲ ಸಣ್ಣ ನಾಯಿಗಳ ಬಗ್ಗೆಯೇ. ಹತ್ತು ಕೆ.ಜಿ.ಯೊಳಗಿನ ನಾಯಿಯನ್ನು ಕಡಿದಾದ ಬೆಟ್ಟಕ್ಕೆ ಕರೆದುಕೊಂಡು ಹೋಗಬಹುದಾ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಒಂದೇ ಥರದ ಪತ್ರಗಳನ್ನು ಸೇರಿಸಿದ್ದೇವೆ, ಉದ್ದದ ಪತ್ರಗಳಿಗೆ ಸ್ವಲ್ಪ ಕತ್ತರಿ ಹಾಕಿದ್ದೇವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಒಂದು ಪಾಮೆರೇನಿಯನ್, ಮೂರು ವರ್ಷ, ನಾಲ್ಕು ಕೆ.ಜಿ. ಇನ್ನೊಂದು ಡ್ಯಾಶ್‌ಹಂಡ್, ಆರು ವರ್ಷ, ಎಂಟು ಕೆ.ಜಿ. ದಿನಾ ಬೆಳಿಗ್ಗೆ ಒಂದು ಗಂಟೆ ವಾಕಿಂಗ್ ಬರುತ್ತವೆ, ಸುಸ್ತು ಅನ್ನೋದೇ ಇಲ್ಲ. ಮುಂದಿನ ತಿಂಗಳು ನಾನು, ನನ್ನ ಹೆಂಡತಿ ಒಂದು ಬೆಟ್ಟಕ್ಕೆ ಹೊರಟಿದ್ದೇವೆ. ಹೋಗಿ ಬರೋಕೆ 14 ಕಿ.ಮೀ., ಏರು 1,100 ಮೀಟರ್. ಕೊನೆಯಲ್ಲಿ ಕೈ ಊರಿ ಹತ್ತುವ ಬಂಡೆಗಳಿವೆ, ಒಂದು ಕಡೆ ಕಬ್ಬಿಣದ ಏಣಿ. ಸಣ್ಣ ನಾಯಿಗಳು ಶಿಖರದ ಮೇಲೆ ನಿಂತಿರುವ ವಿಡಿಯೋ ಬೇಕಾದಷ್ಟು ನೋಡಿದ್ದೇವೆ. ಕರೆದುಕೊಂಡು ಹೋಗಬಹುದಾ?

ಉತ್ತರ: ಮುಂದಿನ ತಿಂಗಳಂತೂ ಬೇಡ. ಪಾಮೆರೇನಿಯನ್‌ಗೆ ಮೂರ್ನಾಲ್ಕು ತಿಂಗಳು ತಯಾರಿ ಮಾಡಿಸಿ ಆಮೇಲೆ ನೋಡಬಹುದು. ಡ್ಯಾಶ್‌ಹಂಡ್‌ಗೆ ಆ ಬಂಡೆಗಳ ಭಾಗ ಯಾವತ್ತೂ ಬೇಡ. ಅಲ್ಲಿ ಅದು ಬ್ಯಾಗಿನೊಳಗೆ ಕೂತು ಬರುವುದಾದರೆ ಮಾತ್ರ ಸರಿ.

ನಾಯಿ ಹತ್ತುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಹತ್ತುತ್ತದೆ, ಅದರಲ್ಲಿ ಅನುಮಾನ ಬೇಡ. ನೀವು ಮುಂದೆ ಹೋಗುತ್ತಿದ್ದರೆ ಅದು ಹಿಂದೆ ಬಂದೇ ಬರುತ್ತದೆ. ಕಾಲು ಉರಿಯುತ್ತಿದ್ದರೂ, ಬೆನ್ನು ನೋಯುತ್ತಿದ್ದರೂ, ಬಿದ್ದುಹೋಗುವಷ್ಟು ಸುಸ್ತಾಗಿದ್ದರೂ ನಿಮ್ಮನ್ನು ಬಿಟ್ಟು ಕೂರುವ ಯೋಚನೆ ಹೆಚ್ಚಿನ ನಾಯಿಗಳಿಗೆ ಬರುವುದೇ ಇಲ್ಲ, ಅದೇ ತೊಂದರೆ. ಹಾಗಾಗಿ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ್ದು ಬೇರೆ. ದಾರಿಯ ಅತಿ ದೂರದ ಜಾಗದಲ್ಲಿ ಅದು ಇನ್ನು ಒಂದು ಹೆಜ್ಜೆಯೂ ಇಡಲಾರದ ಸ್ಥಿತಿಗೆ ಬಂದರೆ, ಅಲ್ಲಿಂದ ಗಾಡಿ ನಿಲ್ಲಿಸಿದ ಜಾಗದವರೆಗೆ ನೀವು ಹೊತ್ತು ತರುತ್ತೀರಾ? ಆ ಏಣಿ ಇಳಿಯುವಾಗಲೂ? ನಿಮ್ಮ ಲೆಕ್ಕದಲ್ಲಿ ಎರಡೂ ಸೇರಿ 12 ಕೆ.ಜಿ., ಅದರ ಮೇಲೆ ನೀರು, ಊಟ, ಜಾಕೆಟ್. ಇಬ್ಬರೇ ಇದ್ದೀರಿ, ಅಂದರೆ ತಲಾ ಒಂದು ನಾಯಿ. ಮೊದಲು ಅಷ್ಟೇ ತೂಕದ ಅಕ್ಕಿ ಚೀಲ ಬ್ಯಾಗಿಗೆ ಹಾಕಿಕೊಂಡು ಒಂದು ಗುಡ್ಡ ಹತ್ತಿ ಇಳಿದು ನೋಡಿ. ಮಂಡಿ ಏನು ಹೇಳುತ್ತದೆ ಅಂತ ಗೊತ್ತಾಗುತ್ತದೆ.

ಸಣ್ಣ ನಾಯಿ ಸಾಕಿದವರ ದೊಡ್ಡ ಅನುಕೂಲವೇ ಈ ಹೊರುವುದು. ದೊಡ್ಡ ನಾಯಿಯವರಿಗೆ ಅದಿಲ್ಲ. 2020ರ ಜುಲೈನಲ್ಲಿ ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್‌ನಿಂದ ಇಳಿಯುವಾಗ ಡೈಸಿ ಎಂಬ 55 ಕೆ.ಜಿ.ಯ ಸೇಂಟ್ ಬರ್ನಾರ್ಡ್ ಹಿಂಗಾಲು ನೋವಿನಿಂದ ಕೂತುಬಿಟ್ಟಿತು. ಸ್ಟ್ರೆಚರ್ ಮೇಲೆ ಕೆಳಗೆ ತರೋಕೆ 16 ಜನ ಸ್ವಯಂಸೇವಕರು ಸುಮಾರು ಐದು ಗಂಟೆ ಹೆಣಗಿದರು. 2012ರಲ್ಲಿ ಅಮೆರಿಕದ ಕೊಲರಾಡೋದ ಮೌಂಟ್ ಬಿಯರ್‌ಸ್ಟಾಟ್ ಹತ್ತಿರ ಮಿಸ್ಸಿ ಎಂಬ ಜರ್ಮನ್ ಶೆಫರ್ಡ್‌ನ ಪಾದಗಳು ಬಂಡೆಗೆ ಉಜ್ಜಿ ಕಿತ್ತುಹೋದವು. ಹವಾಮಾನ ಬೇರೆ ಕೆಡುತ್ತಿತ್ತು. ಹೊರಲಾಗದೆ ಅದನ್ನು ಅಲ್ಲೇ ಬಿಟ್ಟು ಇಳಿದರು, ಒಂದು ವಾರ ದಾಟಿದ ಮೇಲೆ ಬೇರೆ ಚಾರಣಿಗರು ಹೋಗಿ ಹೊತ್ತು ತಂದರು. ನಿಮ್ಮ ನಾಲ್ಕು ಕೆ.ಜಿ. ಪಾಮೆರೇನಿಯನ್‌ಗೆ ಈ ಗತಿ ಬರಬೇಕಿಲ್ಲ. ಹೊರುವ ಬ್ಯಾಗು, ಹೊರುವ ಶಕ್ತಿ ಎರಡೂ ನಿಮ್ಮ ಹತ್ತಿರ ಇರಬೇಕು, ಅಷ್ಟೇ.

ಇನ್ನು ಡ್ಯಾಶ್‌ಹಂಡ್ ವಿಷಯ. ಉದ್ದ ಬೆನ್ನು, ಕುಳ್ಳು ಕಾಲಿನ ಈ ತಳಿಯಲ್ಲಿ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ಎಳೆ ವಯಸ್ಸಿನಲ್ಲೇ ಗಡುಸಾಗುತ್ತವೆ. ಆಮೇಲೆ ಯಾವತ್ತೋ ಒಂದು ದಿನ ಮಂಚದಿಂದ ಹಾರಿದರೂ ಸಾಕು, ಡಿಸ್ಕ್ ಒಡೆದು ನರದ ಮೇಲೆ ಒತ್ತುತ್ತದೆ, ಹಿಂಗಾಲು ಎರಡೂ ಬಿದ್ದುಹೋಗಬಹುದು. ಹೆಚ್ಚಾಗಿ ಈ ತೊಂದರೆ ಕಾಣಿಸಿಕೊಳ್ಳುವುದು ಮೂರರಿಂದ ಏಳು ವರ್ಷದೊಳಗೆ, ನಿಮ್ಮದಕ್ಕೆ ಈಗ ಆರು. ಬಂಡೆಯಿಂದ ಬಂಡೆಗೆ ಧುಮುಕುವುದು ಅದಕ್ಕೆ ಮಾಡಿಸಬಹುದಾದ ಅತಿ ಕೆಟ್ಟ ಕಸರತ್ತು. ಮಣ್ಣಿನ ದಾರಿಯಲ್ಲಿ, ಹದವಾದ ಏರಿನಲ್ಲಿ ಅದು ಖುಷಿಯಿಂದ ನಡೆಯಲಿ, ಬೇಡ ಎನ್ನುವುದಿಲ್ಲ. ಮೆಟ್ಟಿಲು, ಬಂಡೆ ಬಂದ ತಕ್ಷಣ ಎತ್ತಿಕೊಳ್ಳಿ.

ಪಾಮೆರೇನಿಯನ್, ಚಿವಾವಾ, ಯಾರ್ಕ್‌ಷೈರ್ ಟೆರಿಯರ್ ಥರದವಕ್ಕೆ ಇನ್ನೊಂದು ಕಾಟ. ಹಿಂಗಾಲಿನ ಮಂಡಿಚಿಪ್ಪು ಜಾರುವುದು. ನಾಯಿ ಓಡುತ್ತಾ ಇದ್ದಕ್ಕಿದ್ದಂತೆ ಒಂದು ಹಿಂಗಾಲು ಮೇಲೆತ್ತಿ ಮೂರೇ ಕಾಲಿನಲ್ಲಿ ನಾಲ್ಕು ಹೆಜ್ಜೆ ಕುಂಟುತ್ತದೆ, ಕಾಲು ಒಮ್ಮೆ ಝಾಡಿಸುತ್ತದೆ, ಮತ್ತೆ ಏನೂ ಆಗದವರ ಹಾಗೆ ಓಡುತ್ತದೆ. ನೋಡೋಕೆ ಮುದ್ದಾಗಿರುತ್ತದೆ, ಮನೆಯವರು ನಗುತ್ತಾರೆ. ಅದನ್ನು ಒಮ್ಮೆಯಾದರೂ ನೋಡಿದ್ದರೆ ಬೆಟ್ಟಕ್ಕೆ ಮೊದಲು ಪಶುವೈದ್ಯರ ಹತ್ತಿರ ಮಂಡಿ ಮುಟ್ಟಿ ಪರೀಕ್ಷೆ ಮಾಡಿಸಿ. ಹೇಗೂ ಹೋದಾಗ ಎದೆಗೂ ಒಂದು ಸಲ ಸ್ಟೆತಸ್ಕೋಪ್ ಇಡಿಸಿ. ವಯಸ್ಸಾಗುತ್ತಾ ಸಣ್ಣ ತಳಿಗಳಲ್ಲಿ ಹೃದಯದ ಕವಾಟದ ತೊಂದರೆ ಸಾಮಾನ್ಯ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ತಯಾರಿ ಅಂದರೆ ಏನು? ಸಮತಟ್ಟು ರಸ್ತೆಯ ಒಂದು ಗಂಟೆ ವಾಕಿಂಗ್ ಬೆಟ್ಟದ ಲೆಕ್ಕಕ್ಕೆ ಬರುವುದಿಲ್ಲ. ಏರು ಇಳಿವು ಇರುವ ಸಣ್ಣ ಗುಡ್ಡದಿಂದ ಶುರು ಮಾಡಿ, ವಾರ ವಾರ ಸ್ವಲ್ಪ ಸ್ವಲ್ಪವೇ ದೂರ ಜಾಸ್ತಿ ಮಾಡುತ್ತಾ, ನಡುವೆ ಒಂದು ವಾರ ಹಗುರ ಬಿಟ್ಟು, ಮಾರನೇ ದಿನ ಅದು ಮಲಗಿದ್ದಲ್ಲಿಂದ ಏಳುವಾಗ ಬಿಗಿಯಾಗಿದೆಯಾ ನೋಡಿಕೊಂಡು ಮುಂದೆ ಹೋಗಬೇಕು. ಇಳಿಯುವುದೇ ಹತ್ತುವುದಕ್ಕಿಂತ ಕಷ್ಟ. ನಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ಸುಮ್ಮನೆ ನಿಂತಾಗಲೇ ಮುಂಗಾಲುಗಳ ಮೇಲಿರುತ್ತದೆ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಸಣ್ಣ ನಾಯಿಗೆ ನಿಮ್ಮ ಒಂದು ಹೆಜ್ಜೆಗೆ ಹಲವು ಹೆಜ್ಜೆ ಬೇಕು, ನಿಮಗೆ ಮೆಟ್ಟಿಲಿನಷ್ಟು ಎತ್ತರದ ಕಲ್ಲು ಅದರ ಭುಜ ಮುಟ್ಟುತ್ತದೆ. ನೀವು ನಡೆದ 14 ಕಿ.ಮೀ. ಅದಕ್ಕೆ 14 ಅಲ್ಲ.

ಸಮಯದ ಲೆಕ್ಕವನ್ನೂ ಸರಿಯಾಗಿ ಹಾಕಿ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಒಂದು ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ. ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ಬೆಟ್ಟಕ್ಕೆ ಇದು ನಾಲ್ಕೂವರೆ ಗಂಟೆ ದಾಟುತ್ತದೆ, ಅದೂ ಎಲ್ಲೂ ಕೂರದೆ, ಗಟ್ಟಿ ಆಳುಗಳು ನಡೆದರೆ. ನಾಯಿಗಳಿಗೆ ನೀರು, ನೆರಳು, ಮೂಸುವ ಸಮಯ ಎಲ್ಲ ಸೇರಿಸಿ ಏಳು ಗಂಟೆ ಅಂತಲೇ ಇಟ್ಟುಕೊಳ್ಳಿ. ಹಾಗಾದರೆ ಬಿಸಿಲೇರುವ ಹೊತ್ತಿಗೆ ನೀವು ಎಲ್ಲಿರುತ್ತೀರಿ? ಮರವೇ ಇಲ್ಲದ ಬಂಡೆಗಳ ಭಾಗದಲ್ಲಿ.

ನನ್ನ ಸಲಹೆ ಕೇಳುವುದಾದರೆ, ಮೊದಲ ಸಲ ನಾಯಿಗಳಿಲ್ಲದೆ ಹೋಗಿ ಬನ್ನಿ. ಎಲ್ಲಿ ನೀರಿದೆ, ಎಲ್ಲಿ ನೆರಳಿದೆ, ಏಣಿ ಎಷ್ಟು ಉದ್ದ, ಅದನ್ನು ತಪ್ಪಿಸಿ ಹೋಗುವ ದಾರಿ ಇದೆಯಾ, ನಾಯಿಗೆ ಅನುಮತಿ ಇದೆಯಾ, ಎಲ್ಲ ಕಣ್ಣಾರೆ ಗೊತ್ತಾಗುತ್ತದೆ. ಆಮೇಲೆ ನಾಯಿಗಳ ಜೊತೆ ಹೋದಾಗ ಬಂಡೆಗಳು ಶುರುವಾಗುವಲ್ಲಿಂದ ವಾಪಸ್ ಬಂದರೂ ಅವಕ್ಕೇನೂ ಬೇಜಾರಿಲ್ಲ. ಶಿಖರ ಬೇಕಿರುವುದು ನಮಗೆ, ಅಲ್ವಾ.

ಪ್ರಶ್ನೆ: ನಮ್ಮದು ಪಗ್. ಬೆಳಗಿನ ಜಾವ ಐದಕ್ಕೇ ಹೊರಟರೆ ಬೆಟ್ಟ ಹತ್ತಿಸಬಹುದಾ?

ಉತ್ತರ: ಬೇಡ. ನಾಯಿಗೆ ಮೈಯಲ್ಲಿ ನಮ್ಮ ಹಾಗೆ ಬೆವರುವುದಿಲ್ಲ, ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಪಗ್, ಫ್ರೆಂಚ್ ಬುಲ್‌ಡಾಗ್, ಪೆಕಿಂಗೀಸ್, ಶಿಟ್ಜು ಥರದ ಚಪ್ಪಟೆ ಮೂತಿಯವಕ್ಕೆ ಮೂಗಿನ ಹೊಳ್ಳೆ ಕಿರಿದು, ಗಂಟಲಲ್ಲಿ ಮಾಂಸ ಜಾಸ್ತಿ, ಗಾಳಿ ಹೋಗುವ ಜಾಗ ಕಮ್ಮಿ. ತೇಕಿದಷ್ಟೂ ಗಂಟಲು ಊದಿಕೊಂಡು ಇನ್ನೂ ಕಟ್ಟುತ್ತದೆ. ಬೆಳಗಿನ ಜಾವ ಹೊರಟರೂ ಇಳಿಯುವುದು ಬಿಸಿಲಿನಲ್ಲೇ ತಾನೇ? ತಂಪಾದ ದಿನ, ಸಮತಟ್ಟು ದಾರಿ, ಅರ್ಧ ಗಂಟೆ. ಅದಕ್ಕೆ ಅದೇ ಚಾರಣ.

ಪ್ರಶ್ನೆ: ನಮ್ಮ ಜ್ಯಾಕ್ ರಸೆಲ್ ಬೀಳುವವರೆಗೂ ಓಡುವ ಜಾತಿ. ಸುಸ್ತಾಗಿದೆ ಅಂತ ತೋರಿಸಿಕೊಳ್ಳುವುದೇ ಇಲ್ಲ. ಬಿಸಿಲು ಹೊಡೆಯುವ ಮೊದಲೇ ಗುರುತು ಹಿಡಿಯುವುದು ಹೇಗೆ? ಹೊಡೆದರೆ ಏನು ಮಾಡಬೇಕು?

ಉತ್ತರ: ನಾಲಿಗೆ ನೋಡಿ. ಆರಾಮಾಗಿ ತೇಕುವಾಗ ನಾಲಿಗೆ ಅರ್ಧ ಬಾಯೊಳಗೇ ಇರುತ್ತದೆ, ತುದಿ ಸಣ್ಣಗಿರುತ್ತದೆ. ಮೈ ಕಾಯುತ್ತಾ ಹೋದಂತೆ ನಾಲಿಗೆ ಉದ್ದಕ್ಕೆ ಜೋತುಬೀಳುತ್ತದೆ, ತುದಿ ಅಗಲವಾಗಿ ಚಪ್ಪಟೆಯಾಗಿ ಒಂಚೂರು ಮೇಲಕ್ಕೆ ಮಡಚಿಕೊಳ್ಳುತ್ತದೆ. ತುಟಿಯ ಮೂಲೆಗಳು ಹಿಂದಕ್ಕೆ ಎಳೆದುಕೊಂಡು ಹಿಂದಿನ ಹಲ್ಲುಗಳೆಲ್ಲ ಕಾಣುತ್ತವೆ. ಅಲ್ಲಿಗೆ ನಿಲ್ಲಿಸಿ. ನೆರಳಲ್ಲಿ ಕೂರಿಸಿ ಹತ್ತು ನಿಮಿಷದಲ್ಲಿ ಉಸಿರು ಹದಕ್ಕೆ ಬಂದರೆ ಸರಿ, ಬರಲಿಲ್ಲ ಅಂದರೆ ಅವತ್ತಿನ ಏರು ಮುಗಿಯಿತು.

ಇನ್ನೂ ಕೆಲವು ಗುರುತುಗಳಿವೆ. ಮುಂದೆ ಎಳೆಯುತ್ತಿದ್ದ ನಾಯಿ ನಿಮ್ಮ ಹಿಂದೆ ಬಿದ್ದಿದೆ, ದಾರಿಯ ಪಕ್ಕ ಏನನ್ನೂ ಮೂಸುತ್ತಿಲ್ಲ, ಪೊದೆ ಕಂಡಲ್ಲೆಲ್ಲ ಹೊಟ್ಟೆ ಹಚ್ಚಿ ಮಲಗುತ್ತದೆ, ಕರೆದರೆ ಕಣ್ಣು ಮಾತ್ರ ತಿರುಗಿಸುತ್ತದೆ. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಇದನ್ನು ಮನೆಯಲ್ಲಿ ಆರಾಮಾಗಿರುವಾಗಲೇ ಒಂದೆರಡು ಸಲ ಮಾಡಿ ನೋಡಿಟ್ಟುಕೊಳ್ಳಿ, ಇಲ್ಲದಿದ್ದರೆ ಬೆಟ್ಟದಲ್ಲಿ ಯಾವುದು ಸರಿ ಯಾವುದು ತಪ್ಪು ಅಂತ ಗೊತ್ತಾಗುವುದಿಲ್ಲ.

ನಾಯಿಯ ಮೈಬಿಸಿ ಮಾಮೂಲಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 41 ದಾಟಿದರೆ ಜೀವಕ್ಕೆ ಅಪಾಯ. ಒಸಡು ಕಡುಗೆಂಪಾಗುವುದು, ಜೊಲ್ಲು ಅಂಟಂಟಾಗುವುದು, ವಾಂತಿ, ತೂರಾಡುವುದು, ಇವು ಬಂದವು ಅಂದರೆ ಕೆಳಗೆ ಓಡಬೇಡಿ, ಮೊದಲು ಅಲ್ಲೇ ತಣ್ಣಗೆ ಮಾಡಿ. ನಿಮ್ಮ ಕುಡಿಯುವ ನೀರನ್ನೆಲ್ಲ ಅದರ ಹೊಟ್ಟೆ, ತೊಡೆಸಂದಿ, ಕಾಲುಗಳ ಮೇಲೆ ಸುರಿಯಿರಿ, ಟೋಪಿಯಿಂದ ಗಾಳಿ ಹಾಕಿ, ಹತ್ತಿರ ತೊರೆ ಇದ್ದರೆ ತಲೆ ಮೇಲಿರುವಂತೆ ಹಿಡಿದು ಮೈ ಮುಳುಗಿಸಿ. ತಣ್ಣೀರು ಹಾಕಬಾರದು ಅನ್ನುವ ಹಳೆಯ ಮಾತನ್ನು ಈಗ ಪಶುವೈದ್ಯರು ಒಪ್ಪುವುದಿಲ್ಲ. ಒದ್ದೆ ಟವೆಲ್ ಸುತ್ತಿ ಹಾಗೇ ಬಿಡಬೇಡಿ, ಸ್ವಲ್ಪ ಹೊತ್ತಿಗೆ ಟವೆಲ್ಲೇ ಬಿಸಿಯಾಗಿ ಶಾಖ ಹಿಡಿದಿಡುತ್ತದೆ. ಪ್ರಜ್ಞೆ ಸರಿಯಿಲ್ಲದ ನಾಯಿಯ ಬಾಯಿಗೆ ನೀರು ಹುಯ್ಯಬೇಡಿ. ಚೇತರಿಸಿಕೊಂಡಂತೆ ಕಂಡರೂ ಅವತ್ತೇ ವೈದ್ಯರಿಗೆ ತೋರಿಸಬೇಕು, ಮೂತ್ರಪಿಂಡದಂಥ ಒಳಗಿನ ಅಂಗಗಳಿಗೆ ಆದ ಏಟು ಒಂದೆರಡು ದಿನ ಬಿಟ್ಟು ತೋರುತ್ತದೆ.

ಒಂದು ಮಾತು ಸೇರಿಸುತ್ತೇನೆ. ಸಣ್ಣ ನಾಯಿಯ ಹೊಟ್ಟೆ ನೆಲದಿಂದ ಒಂದು ಗೇಣು ಮೇಲಿರುತ್ತದೆ. ನಿಮ್ಮ ಮುಖಕ್ಕೆ ತಂಗಾಳಿ ಬೀಸುತ್ತಿರುವಾಗಲೇ ಅದು ಕಾದ ಬಂಡೆಯ ಝಳದಲ್ಲಿ ನಡೆಯುತ್ತಿರುತ್ತದೆ. ಕೈಯ ಹಿಂಭಾಗವನ್ನು ಬಂಡೆ ಮೇಲೆ ಏಳು ಸೆಕೆಂಡ್ ಇಡಿ. ಇಡೋಕೆ ಆಗಲಿಲ್ಲವಾ, ಎತ್ತಿಕೊಳ್ಳಿ.

ಪ್ರಶ್ನೆ: ಬೆನ್ನಿಗೆ ಹಾಕಿಕೊಳ್ಳುವ ನಾಯಿ ಬ್ಯಾಗ್ ತಂದಿದ್ದೇವೆ. ಒಳಗೆ ಕೂರಿಸಿದರೆ ಕಿರುಚಾಡುತ್ತಾಳೆ, ಹೊರಗೆ ಹಾರೋಕೆ ನೋಡುತ್ತಾಳೆ. ಎದೆಗೆ ಕಟ್ಟಿಕೊಳ್ಳುವ, ನಾಲ್ಕೂ ಕಾಲು ಹೊರಗೆ ನೇತಾಡುವ ಬ್ಯಾಗ್ ಒಳ್ಳೆಯದಾ? ಏಣಿ ಇದ್ದರೆ ಹೇಗೆ?

ಉತ್ತರ: ಬ್ಯಾಗನ್ನು ಬೆಟ್ಟದಲ್ಲೇ ಮೊದಲ ಸಲ ತೋರಿಸಿದರೆ ಯಾವ ನಾಯಿಯೂ ಒಪ್ಪುವುದಿಲ್ಲ. ಮನೆಯಲ್ಲಿ ಬ್ಯಾಗನ್ನು ಮಲಗಿಸಿ ಬಾಯಿ ತೆರೆದಿಡಿ. ಒಳಗೆ ಅದರ ಹಳೇ ಹೊದಿಕೆ ಹಾಕಿ, ಒಂದಷ್ಟು ದಿನ ಅದರ ಊಟವನ್ನೇ ಒಳಗಿಡಿ. ತಾನಾಗಿ ಹೋಗಿ ಮಲಗೋಕೆ ಶುರು ಮಾಡಿದ ಮೇಲೆ ಜಿಪ್ ಎಳೆಯಿರಿ, ಆಮೇಲೆ ಎತ್ತಿ ನಿಲ್ಲಿಸಿ, ಆಮೇಲೆ ಬೆನ್ನಿಗೆ ಹಾಕಿ ಮನೆಯೊಳಗೇ ಓಡಾಡಿ. ಅವಸರ ಮಾಡಿದರೆ ಕೆಲಸ ಕೆಡುತ್ತದೆ, ಒಮ್ಮೆ ಹೆದರಿದ ಬ್ಯಾಗನ್ನು ಅವು ಮರೆಯುವುದಿಲ್ಲ.

ಕಾಲು ನೇತಾಡುವ ಎದೆ ಬ್ಯಾಗ್ ಪೇಟೆಯೊಳಗೆ ಸುತ್ತಾಡೋಕೆ ಸರಿ, ಗಂಟೆಗಟ್ಟಲೆ ಬೆಟ್ಟಕ್ಕೆ ಬೇಡ. ತೂಕವೆಲ್ಲ ತೊಡೆಸಂದಿಯ ಮೇಲೆ ಬೀಳುತ್ತದೆ, ಉದ್ದ ಬೆನ್ನಿನ ನಾಯಿಗೆ ಬೆನ್ನೂ ಬಗ್ಗುತ್ತದೆ. ನಿಮ್ಮ ಎದೆ ಬಿಸಿ, ಅದರ ಮೈ ಬಿಸಿ ಎರಡೂ ಸೇರುತ್ತದೆ, ಅದಕ್ಕಿಂತ ಮುಖ್ಯವಾಗಿ ನಿಮ್ಮ ಪಾದ ಎಲ್ಲಿಡುತ್ತಿದ್ದೀರಿ ಅಂತ ನಿಮಗೇ ಕಾಣುವುದಿಲ್ಲ. ತಳ ಗಟ್ಟಿಯಾಗಿರುವ, ಪಕ್ಕದಲ್ಲಿ ಜಾಲರಿ ಇರುವ, ನಿಮ್ಮ ಸೊಂಟಕ್ಕೆ ಪಟ್ಟಿ ಬಿಗಿಯುವ ಬೆನ್ನಿನ ಬ್ಯಾಗೇ ಆಗಬೇಕು. ಒಳಗೆ ಒಂದು ಚಿಕ್ಕ ಕೊಕ್ಕೆ ಇರುತ್ತದೆ. ಅದನ್ನು ಹಾರ್ನೆಸ್‌ಗೆ, ಅಂದರೆ ಎದೆ, ಬೆನ್ನು ಬಳಸಿ ಕಟ್ಟುವ ಪಟ್ಟಿಗೆ ಹಾಕಿ, ಕುತ್ತಿಗೆ ಬೆಲ್ಟಿಗೆ ಬೇಡ. ಹಾರಿದರೆ ನೇಣು ಹಾಕಿದಂತಾಗುತ್ತದೆ.

ಏಣಿಯಲ್ಲಿ ನಿಮ್ಮ ಎರಡೂ ಕೈ ಏಣಿಯ ಮೇಲೇ ಇರಬೇಕು. ನಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದು ಕೈಯಲ್ಲಿ ಹತ್ತುವ ಸಾಹಸ ನೋಡಿದ್ದೇನೆ, ನೋಡುವವರಿಗೇ ಎದೆ ಝಲ್ ಎನ್ನುತ್ತದೆ. ಬ್ಯಾಗಿಗೆ ಹಾಕಿ, ಜಿಪ್ ಪೂರ್ತಿ ಎಳೆದು ಹತ್ತಿ. ಚಿಕ್ಕ ಬಂಡೆಗಳಲ್ಲಿ ಇಬ್ಬರಿದ್ದರೆ ಮೇಲಿನವರು ಕೈ ಚಾಚಿ ತೆಗೆದುಕೊಳ್ಳಲಿ. ಹಾರ್ನೆಸ್ ಬೆನ್ನಿನ ಹಿಡಿಯಿಂದ ಎತ್ತುವಾಗ ಇನ್ನೊಂದು ಕೈ ಹೊಟ್ಟೆಯಡಿ ಕೊಡಿ. ಲೀಶನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಂಡು ಕಡಿದಾದ ಜಾಗ ಇಳಿಯಬೇಡಿ. ನಾಯಿ ಒಂದು ಸಲ ಪಕ್ಕಕ್ಕೆ ಎಳೆದರೆ ಸಾಕು, ನಿಮ್ಮ ತೂಕ ತಪ್ಪುತ್ತದೆ.

ಕುತ್ತಿಗೆ ಬೆಲ್ಟಿನ ಬಗ್ಗೆ ಇನ್ನೂ ಇಬ್ಬರು ಕೇಳಿದ್ದಾರೆ. ಯಾರ್ಕ್‌ಷೈರ್ ಟೆರಿಯರ್, ಪಾಮೆರೇನಿಯನ್, ಚಿವಾವಾಗಳಲ್ಲಿ ಶ್ವಾಸನಾಳ ಮೆತ್ತಗಾಗಿ ಒತ್ತಿಕೊಳ್ಳುವ ತೊಂದರೆ ಇರುತ್ತದೆ, ಬಾತುಕೋಳಿ ಕೂಗಿದಂಥ ಕೆಮ್ಮು ಬರುತ್ತದೆ. ಇವಕ್ಕೆ ಹಾರ್ನೆಸ್ಸೇ. ಬೆಲ್ಟ್ ಇರಲಿ, ಅದರಲ್ಲಿ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ ನೇತಾಡಲಿ.

ಪ್ರಶ್ನೆ: ಎಷ್ಟು ನೀರು ಒಯ್ಯಬೇಕು? ದಾರಿಯಲ್ಲಿ ನಮ್ಮ ತಿಂಡಿಯನ್ನೇ ಕೊಡಬಹುದಾ?

ಉತ್ತರ: ಮನೆಯಲ್ಲಿ ಸುಮ್ಮನಿರುವ ನಾಯಿಗೇ ದಿನಕ್ಕೆ ಕೆ.ಜಿ.ಗೆ 50–60 ಮಿ.ಲೀ. ನೀರು ಬೇಕು. ಐದು ಕೆ.ಜಿ. ನಾಯಿಗೆ ಕಾಲು ಲೀಟರಿನ ಮೇಲೆ. ಬೆಟ್ಟಕ್ಕೆ ಅದರ ಮೂರು ಪಟ್ಟು ಇಟ್ಟುಕೊಳ್ಳಿ, ಮೈಗೆ ಸುರಿಯೋಕೆ ಅಂತ ಇನ್ನೊಂದು ಬಾಟಲಿ ಬೇರೆ. ಬಾಯಾರಿದ ಮೇಲೆ ಗಟಗಟ ಕುಡಿಸುವುದಕ್ಕಿಂತ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಮೇಲು. ನಿಂತ ನೀರು ಬೇಡ. ಕಾಡುಪ್ರಾಣಿಗಳ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್, ಹಸಿರು ಪಾಚಿ ಕಟ್ಟಿದ ನೀರಿನ ವಿಷ, ಎರಡೂ ಸಣ್ಣ ಮೈಗೆ ಬೇಗ ಏರುತ್ತವೆ. ಲೆಪ್ಟೊ ಲಸಿಕೆ ಹಾಕಿಸಿದ್ದೀರಾ ಅಂತ ಪುಸ್ತಕ ತೆಗೆದು ನೋಡಿ.

ತಿಂಡಿ ವಿಷಯದಲ್ಲಿ ಹುಷಾರು. ಚಾರಣಿಗರು ಜೇಬಿನಲ್ಲಿಟ್ಟುಕೊಳ್ಳುವ ಒಣಹಣ್ಣಿನ ಮಿಶ್ರಣವೇ ನಾಯಿಗೆ ಅತಿ ಅಪಾಯ. ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ, ಚಾಕೊಲೇಟ್ ಹೃದಯಕ್ಕೆ, ನರಕ್ಕೆ ವಿಷ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್‌ನಲ್ಲಿ, ಕೆಲವು ಪೀನಟ್ ಬಟರ್‌ಗಳಲ್ಲಿ ಇರುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತದೆ. 30 ಕೆ.ಜಿ. ನಾಯಿ ತಡೆದುಕೊಳ್ಳುವಷ್ಟು ನಾಲ್ಕು ಕೆ.ಜಿ. ನಾಯಿ ತಡೆದುಕೊಳ್ಳುವುದಿಲ್ಲ.

ಪುಟಾಣಿ ತಳಿಗಳಿಗೆ ಹೊಟ್ಟೆ ಖಾಲಿ ಬಿಟ್ಟು ನಡೆಸುವುದೂ ಸರಿಯಲ್ಲ. ಅವುಗಳ ಮೈಯಲ್ಲಿ ಸಕ್ಕರೆಯ ದಾಸ್ತಾನು ಕಮ್ಮಿ. ತುಂಬಾ ಹೊತ್ತು ನಡೆದ ಮೇಲೆ ನಡುಗುತ್ತಾ, ತೂಗುತ್ತಾ, ಮಂಕಾಗಿ ನಿಂತರೆ ಒಸಡಿಗೆ ಜೇನುತುಪ್ಪ ಸವರಿ. ಸಕ್ಕರೆ ನೀರಾದರೂ ಆದೀತು. ಬೆಳಿಗ್ಗೆ ಹೊರಡುವ ಎರಡು ಗಂಟೆ ಮೊದಲು ಅರ್ಧ ಊಟ, ದಾರಿಯಲ್ಲಿ ಅದರದ್ದೇ ಮಾಮೂಲಿ ಆಹಾರ ಸ್ವಲ್ಪ ಸ್ವಲ್ಪ. ಹೊಸ ರುಚಿಯ ಪ್ರಯೋಗ ಬೆಟ್ಟದಲ್ಲಿ ಬೇಡ, ಭೇದಿ ಹತ್ತಿದರೆ ಅಲ್ಲಿ ಯಾರು ನೋಡುತ್ತಾರೆ?

ಪ್ರಶ್ನೆ: ಬೂಟು ಬೇಕಾ?

ಉತ್ತರ: ಹಾಕಿಕೊಂಡು ನಡೆಯುವ ಅಭ್ಯಾಸ ಇದ್ದರೆ ಚೂಪು ಕಲ್ಲು, ಮಂಜಿನ ದಾರಿಗೆ ಒಳ್ಳೆಯದು. ಅಭ್ಯಾಸ ಇಲ್ಲದಿದ್ದರೆ ಒಂದು ಜೊತೆ ಬ್ಯಾಗಿನಲ್ಲಿರಲಿ, ಪಾದ ಕೊಯ್ದುಕೊಂಡಾಗ ಪಟ್ಟಿಯ ಮೇಲೆ ಹಾಕೋಕೆ. ಗಾಯ ತೊಳೆದು, ಗಾಜ್ ಬಟ್ಟೆ ಇಟ್ಟು, ಬೆರಳು ಊದದಷ್ಟು ಸಡಿಲವಾಗಿ ಸುತ್ತಿ. ಮಗುವಿನ ಸಾಕ್ಸ್ ಕೂಡ ನಡೆಯುತ್ತದೆ. ಆಮೇಲೆ ನಡೆಸಬೇಡಿ, ಹೊತ್ತುಕೊಳ್ಳಿ.

ಪ್ರಶ್ನೆ: ನಮ್ಮ ನಾಯಿ ತುಂಬಾ ಸಾಧು, ಕರೆದರೆ ಓಡಿ ಬರುತ್ತದೆ. ಬೆಟ್ಟದಲ್ಲಿ ಬಿಟ್ಟರೆ ಯಾರಿಗೆ ಏನು ತೊಂದರೆ? ಕಟ್ಟಿ ಕರೆದೊಯ್ಯೋಕೆ ಬೆಟ್ಟಕ್ಕೆ ಯಾಕೆ ಹೋಗಬೇಕು?

ಉತ್ತರ: ಕರೆದರೆ ಬರುತ್ತದೆ, ಮೊಲ ಎದ್ದು ಓಡುವವರೆಗೆ. ಸಣ್ಣ ಟೆರಿಯರ್‌ಗಳನ್ನು ಬೆಳೆಸಿದ್ದೇ ಬಿಲಕ್ಕೆ ನುಗ್ಗಿ ಬೇಟೆಯಾಡಲು. ಕೇರ್ನ್ ಟೆರಿಯರ್ ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಕಲ್ಲುಗುಪ್ಪೆಗಳ ಸಂದಿಗೆ ನುಗ್ಗುತ್ತಿದ್ದ ನಾಯಿ. ಆ ಬುದ್ಧಿ ಸೋಫಾ ಮೇಲೆ ಮಲಗಿಸಿದರೆ ಹೋಗುವುದಿಲ್ಲ. ಬಿಲದಲ್ಲಿ ಸಿಕ್ಕಿಕೊಂಡರೆ, ಬಂಡೆಯ ಅಂಚಿನಲ್ಲಿ ಬ್ರೇಕ್ ಹಾಕದಿದ್ದರೆ ಏನು ಮಾಡುತ್ತೀರಿ?

ಹಾವಿನ ಮುಖಕ್ಕೆ ಮೂಗು ಕೊಟ್ಟು ಕಚ್ಚಿಸಿಕೊಳ್ಳುವುದೂ ಹೀಗೆ ಬಿಟ್ಟ ನಾಯಿಗಳೇ. ಹಾವು ಬಿಡುವ ವಿಷ ನಾಯಿಯ ಅಳತೆ ನೋಡಿಕೊಂಡು ಕಮ್ಮಿಯಾಗುವುದಿಲ್ಲ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಏನೂ ಬೇಡ. ನಡೆಸದೆ ಹೊತ್ತು ಆಸ್ಪತ್ರೆಗೆ ಹೋಗಿ. ದೊಡ್ಡ ಹದ್ದುಗಳು, ನರಿ, ಚಿರತೆ ಇರುವ ಕಡೆ ನಾಲ್ಕು ಕೆ.ಜಿ. ನಾಯಿ ಬೇಟೆಯ ಅಳತೆಯದ್ದು, ಅದನ್ನೂ ಮರೆಯಬೇಡಿ.

ತೊಂದರೆ ಯಾರಿಗೆ ಅಂದಿರಲ್ಲ, ಅದಕ್ಕೂ ಉತ್ತರ ಇದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸಾಕುನಾಯಿಗಳಿಂದ ಹರಡಿದ ಡಿಸ್ಟೆಂಪರ್ ಕಾಯಿಲೆಗೆ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸತ್ತವು. ನಾಯಿಯ ಮೂತ್ರ, ಮಲ, ವಾಸನೆ ಎಲ್ಲವೂ ಕಾಡಿನ ಪ್ರಾಣಿಗೆ ಸುದ್ದಿಯೇ. ಹಾಗಾಗಿಯೇ ಪ್ರಪಂಚದ ಎಷ್ಟೋ ರಾಷ್ಟ್ರೀಯ ಉದ್ಯಾನಗಳ ಕಾಲುದಾರಿಗಳಲ್ಲಿ ನಾಯಿಗೆ ಪ್ರವೇಶವೇ ಇಲ್ಲ, ಕಟ್ಟಿದ್ದರೂ ಇಲ್ಲ, ಬ್ಯಾಗಿನಲ್ಲಿದ್ದರೂ ಇಲ್ಲ. ಗೇಟಿನಲ್ಲಿ ವಾದ ಮಾಡುವ ಬದಲು ಹೊರಡುವ ಮೊದಲೇ ಕೇಳಿಕೊಳ್ಳಿ. ನಾಯಿಯನ್ನು ಒಳಗೆ ಬಿಡುವ ಕಡೆ ಎರಡು ಮೀಟರಿನ ಗಟ್ಟಿ ಲೀಶ್ ಸಾಕು, ಗುಂಡಿ ಒತ್ತಿದರೆ ಉದ್ದವಾಗುವ ಥರದ್ದು ಬಂಡೆಗಳಿಗೆ ಸಿಕ್ಕಿ ಹಾಕಿಕೊಳ್ಳುತ್ತದೆ. ಮಲವನ್ನು ಚೀಲಕ್ಕೆ ತುಂಬಿ ಚೀಲವನ್ನು ಮರಕ್ಕೆ ನೇತುಹಾಕಿ ಬರುವವರಿದ್ದಾರೆ. ಅವರು ಅದನ್ನು ಯಾರಿಗೋಸ್ಕರ ಬಿಟ್ಟು ಬರುತ್ತಾರೋ ನನಗಂತೂ ಅರ್ಥವಾಗಿಲ್ಲ.

ಪ್ರಶ್ನೆ: ಮೈತುಂಬ ಕೂದಲಿರುವ ನಾಯಿಗೆ ಚಳಿ ಆಗುತ್ತಾ? ಎತ್ತರದ ಜಾಗದಲ್ಲಿ ನಮ್ಮ ಹಾಗೆ ಅವಕ್ಕೂ ತಲೆಸುತ್ತು ಬರುತ್ತಾ?

ಉತ್ತರ: ಎರಡಕ್ಕೂ ಹೌದು. ಮೈ ಚಿಕ್ಕದಾದಷ್ಟೂ ಒಳಗಿನ ಶಾಖ ಬೇಗ ಹೊರಗೆ ಹೋಗುತ್ತದೆ. ಅದರ ಮೇಲೆ ಒದ್ದೆ ಹುಲ್ಲಿನಲ್ಲಿ ಹೊಟ್ಟೆ ಎಳೆದುಕೊಂಡು ಬಂದು, ತುದಿಯ ಗಾಳಿಗೆ ನಿಂತರೆ ಬೇಸಿಗೆಯಲ್ಲೂ ನಡುಗುತ್ತದೆ. ಹೊಟ್ಟೆ ಮುಚ್ಚುವ ಮಳೆ ಕೋಟು, ಒರೆಸೋಕೆ ಒಂದು ಒಣಬಟ್ಟೆ ಇರಲಿ. ನಿಮ್ಮ ಫೋಟೋ ಮುಗಿಯುವವರೆಗೆ ಅದನ್ನು ಬಂಡೆಯ ತುದಿಯಲ್ಲಿ ನಿಲ್ಲಿಸಬೇಡಿ.

ಸಣ್ಣ ನಾಯಿಯಿಂದ ಆಗುವುದೇ ಇಲ್ಲ ಅಂತಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 4,000 ಅಡಿ ಮೀರಿದ 48 ಶಿಖರಗಳಿವೆ. ಅಟಿಕಸ್ ಎಂಬ ಮಿನಿಯೇಚರ್ ಷ್ನಾಜರ್ ತನ್ನ ಯಜಮಾನನ ಜೊತೆ ಅವನ್ನೆಲ್ಲ ಹತ್ತಿತು, ಚಳಿಗಾಲದಲ್ಲೂ ಹೋಯಿತು. ಮಂಜಿನಲ್ಲಿ ಅದಕ್ಕೆ ಬೂಟು, ಮೈಮುಚ್ಚುವ ಸೂಟು ಇರುತ್ತಿತ್ತು. ಅಂಥ ಸುದ್ದಿ ಓದಿದಾಗ ಶಿಖರಗಳ ಸಂಖ್ಯೆಯ ಜೊತೆ ಈ ಸೂಟು, ಬೂಟನ್ನೂ ನೆನಪಿಟ್ಟುಕೊಳ್ಳಿ.

ಎತ್ತರದ ವಿಷಯ. 2,500 ಮೀಟರ್ ದಾಟಿದ ಮೇಲೆ ನಾಯಿಯನ್ನೂ ನಿಧಾನವಾಗಿ ಒಗ್ಗಿಸಬೇಕು. ಊಟ ಬಿಡುವುದು, ವಾಂತಿ, ನಡೆಯದೆ ಇದ್ದಾಗಲೂ ತೇಕುವುದು, ಒಸಡು ಬಿಳಿಚುವುದು ಕಂಡರೆ ಇಳಿಯುವುದೊಂದೇ ಮದ್ದು. 2018ರಲ್ಲಿ ನೇಪಾಳದ 7,129 ಮೀಟರಿನ ಬರುಂಟ್ಸೆ ಹತ್ತಿದ ಮೇರಾ ಎಂಬ ಬೀದಿನಾಯಿಯನ್ನು ನೆನೆದು ಯಾರೂ ಹುರುಪುಗೊಳ್ಳಬೇಡಿ. ಅದು ಅಲ್ಲಿಯದೇ ನಾಯಿ, ತಾನಾಗಿ ತಂಡದ ಹಿಂದೆ ಬಂದದ್ದು.

ಪ್ರಶ್ನೆ: ಐದು ತಿಂಗಳ ಮರಿ ಕರೆದೊಯ್ಯಬಹುದಾ? ಹನ್ನೊಂದು ವರ್ಷದ ನಾಯಿಯನ್ನು?

ಉತ್ತರ: ಮರಿಯ ಮೂಳೆ ಬೆಳೆಯುವ ತುದಿಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಒಂದು ವರ್ಷ ತುಂಬಲಿ. ಅಲ್ಲಿಯವರೆಗೆ ಬ್ಯಾಗಿನ ಅಭ್ಯಾಸ, ಕರೆದರೆ ಬರುವ ಅಭ್ಯಾಸ ಮಾಡಿಸಿ. ಹನ್ನೊಂದರ ನಾಯಿ ವೈದ್ಯರು ಹೂಂ ಅಂದರೆ ಬರಲಿ, ಆದರೆ ಹೆಚ್ಚಿನ ದಾರಿ ನಿಮ್ಮ ಬೆನ್ನ ಮೇಲೆಯೇ ಅಂದುಕೊಂಡು ಹೊರಡಿ.

ಪ್ರಶ್ನೆ: ಬೆಟ್ಟದಿಂದ ಬಂದ ಮಾರನೇ ದಿನ ನಮ್ಮ ನಾಯಿ ಕುಂಟುತ್ತಿತ್ತು. ಮನೆಯಲ್ಲಿದ್ದ ನೋವಿನ ಮಾತ್ರೆ ಅರ್ಧ ಕೊಡೋಣ ಅಂದುಕೊಂಡು ಕೊಡಲಿಲ್ಲ. ಕೊಟ್ಟಿದ್ದರೆ ಆಗುತ್ತಿತ್ತಾ?

ಉತ್ತರ: ಕೊಡದೆ ಒಳ್ಳೆಯ ಕೆಲಸ ಮಾಡಿದಿರಿ. ನಾವು ನುಂಗುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ, ಪ್ಯಾರಾಸಿಟಮಾಲ್ ಲಿವರ್‌ಗೆ ಏಟು. ನಾಲ್ಕೈದು ಕೆ.ಜಿ. ನಾಯಿಗೆ ಅರ್ಧ ಮಾತ್ರೆಯೂ ಜಾಸ್ತಿಯೇ.

ವಾಪಸ್ ಬಂದ ಸಂಜೆಯೇ ಒಂದು ಬಟ್ಟೆ ಹಾಸಿ ಅಂಗಾತ ಮಲಗಿಸಿ, ಬೆರಳ ಸಂದಿ, ಪಾದದ ಅಡಿ, ಕಂಕುಳು, ಕಿವಿಯ ಮಡಿಕೆ, ಬಾಲದ ಬುಡ ಎಲ್ಲ ಕೈಯಾಡಿಸಿ ನೋಡಿ. ಕೊಯ್ದ ಗಾಯ, ಚುಚ್ಚಿದ ಮುಳ್ಳು, ಸೀಳಿದ ಉಗುರು, ಹುಲ್ಲಿನ ಮೊನೆ, ಉಣ್ಣೆ ಹುಳ, ಏನಿದ್ದರೂ ಅಲ್ಲೇ ಸಿಗುತ್ತದೆ. ಉಣ್ಣೆ ಕಚ್ಚಿಕೊಂಡಿದ್ದರೆ ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಎಣ್ಣೆ ಸುರಿಯುವುದು, ಬೆಂಕಿ ಮುಟ್ಟಿಸುವುದು ಬೇಡ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಊಟ ಸೇರದಿರುವುದು, ಒಸಡು ಬಿಳಿಚುವುದು ಕಂಡರೆ ಬೆಟ್ಟಕ್ಕೆ ಹೋಗಿದ್ದೆವು, ಉಣ್ಣೆ ಕಚ್ಚಿತ್ತು ಅಂತ ವೈದ್ಯರಿಗೆ ಹೇಳಿ, ರಕ್ತಪರೀಕ್ಷೆ ಮಾಡುತ್ತಾರೆ.

ಕುಂಟುವುದು ಬರೀ ಮೈಕೈ ನೋವಾದರೆ ಎರಡು ದಿನದ ವಿಶ್ರಾಂತಿಗೆ ಹೋಗುತ್ತದೆ. ಹೋಗಲಿಲ್ಲ ಅಂದರೆ, ಇಲ್ಲವೇ ಕಾಲನ್ನು ನೆಲಕ್ಕೇ ಊರುತ್ತಿಲ್ಲ ಅಂದರೆ ತೋರಿಸಿ. ಬೆನ್ನು ಗೂನು ಮಾಡಿ ನಿಂತಿದೆ, ಎತ್ತಿಕೊಳ್ಳುವಾಗ ಚೀರುತ್ತದೆ, ಹಿಂಗಾಲು ಎಳೆಯುತ್ತದೆ ಅಂದರೆ ನಾಳೆಗೆ ಕಾಯಬೇಡಿ, ಮಟ್ಟಸವಾದ ಹಲಗೆ ಅಥವಾ ಬುಟ್ಟಿಯಲ್ಲಿ ಮಲಗಿಸಿಕೊಂಡು ಅವತ್ತೇ ಹೋಗಿ.